ಎಲ್ಲರೂ ಲೀಡರ್ ಅಂದರೆ ಬ್ರೇಕ್ ಯಾರ ಕೈಯಲ್ಲಿ?

ಅಕ್ಕನ ಮಗಳು ಮಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಮೊನ್ನೆ ಒಂದು ಸಂಜೆ ಫೋನ್ ಮಾಡಿದಳು. "ಮಾವ, ನಮ್ಮಲ್ಲಿ ಇನ್ನು ಟೀಮ್ ಲೀಡ್ ಇಲ್ಲವಂತೆ. ಎಲ್ಲರೂ ಲೀಡರ್‌ಗಳಂತೆ. ಮೀಟಿಂಗಿನಲ್ಲಿ ಎಲ್ಲರೂ ಜೋರು ಚಪ್ಪಾಳೆ ತಟ್ಟಿದೆವು. ಆಮೇಲೆ ಕ್ಯಾಂಟೀನಿನಲ್ಲಿ ಕೂತಾಗ ಎಲ್ಲರಿಗೂ ಒಂದೇ ಡೌಟು. ಇನ್ನು ರಜೆ ಯಾರ ಹತ್ರ ಕೇಳುವುದು?"

ನನಗೆ ನಗು ಬಂತು. ಆದರೆ ಫೋನ್ ಇಟ್ಟ ಮೇಲೆ ಅನಿಸಿತು, ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ. ಈಗ ಸಾಫ್ಟ್‌ವೇರ್ ಕಚೇರಿ ಮಾತ್ರ ಅಲ್ಲ, ಆಸ್ಪತ್ರೆ, ಬ್ಯಾಂಕ್, ಶಾಲೆ ಎಲ್ಲ ಕಡೆ 'ಶೇರ್ಡ್ ಲೀಡರ್‌ಶಿಪ್', 'ಸೆಲ್ಫ್ ಮ್ಯಾನೇಜ್ಡ್ ಟೀಮ್' ಎಂಬ ಮಾತು ಕೇಳಿಬರುತ್ತಿದೆ. ಕನ್ನಡದಲ್ಲಿ ಹೇಳುವುದಾದರೆ ಹಂಚಿಕೊಂಡ ನಾಯಕತ್ವ. ಹಾಗೆಂದರೆ ಮೇಲಿನವರು ಇರುವುದೇ ಇಲ್ಲವೇ? ಪ್ರತಿಯೊಂದಕ್ಕೂ ಕೈ ಎತ್ತಿಸಿ ಮತ ಹಾಕುವುದೇ? ಎರಡೂ ಅಲ್ಲ. ಬುಡದಿಂದಲೇ ನೋಡೋಣ.

ಬಸ್ಸಿಗೆ ಕಾಯುವವರು, ಬಸ್ಸು ಓಡಿಸುವವರು

ಬೆಳಿಗ್ಗೆ ಎಂಟೂವರೆಗೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಸುರತ್ಕಲ್ ಬಸ್ಸಿಗೆ ಮೂವತ್ತು ಜನ ಕಾಯುತ್ತಿದ್ದಾರೆ ಅಂದುಕೊಳ್ಳಿ. ಎಲ್ಲರೂ ಹೋಗುವ ದಾರಿ ಒಂದೇ. ಆದರೆ ಒಬ್ಬರಿಗೆ ಬಸ್ಸು ತಪ್ಪಿದರೆ ಉಳಿದವರಿಗೆ ಏನೂ ಆಗುವುದಿಲ್ಲ. ಇದು ಗುಂಪು.

ಅದೇ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್ ಹಾಗಲ್ಲ. ಇಬ್ಬರಲ್ಲಿ ಒಬ್ಬರು ಬಾರದಿದ್ದರೆ ಟ್ರಿಪ್ಪೇ ಇಲ್ಲ. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಗಂಟು ಹಾಕಿಕೊಂಡಿದೆ. ಇದು ಟೀಮು.

ನಿಮ್ಮ ಕಚೇರಿಯಲ್ಲಿ ಇರುವುದು ಯಾವುದು ಎಂದು ತಿಳಿಯಲು ಸುಲಭದ ಪರೀಕ್ಷೆ ಉಂಟು. ಪಕ್ಕದ ಕುರ್ಚಿಯವರು ನಾಲ್ಕು ದಿನ ರಜೆ ಹಾಕಿದರೆ ನಿಮ್ಮ ಕೆಲಸ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ ಅಂದರೆ ನಿಮ್ಮದು ಗುಂಪು. ಅದರಲ್ಲಿ ತಪ್ಪೇನೂ ಇಲ್ಲ. ಒಂದೇ ಸೂರಿನಡಿ ಹತ್ತು ಜನ ವಿಮಾ ಏಜೆಂಟರು ತಮ್ಮ ತಮ್ಮ ಗಿರಾಕಿಗಳನ್ನು ನೋಡಿಕೊಂಡು ಚೆನ್ನಾಗಿಯೇ ಇರಬಹುದು. ಅವರನ್ನು ರೆಸಾರ್ಟಿಗೆ ಕರೆದುಕೊಂಡು ಹೋಗಿ ಬಲೂನು ಒಡೆಯುವ ಆಟ ಆಡಿಸಿದರೆ ಟೀಮು ಆಗುವುದಿಲ್ಲ. ಸುಮ್ನೆ ಒಂದು ದಿನ ಹೋಯಿತು ಅಷ್ಟೇ.

ಇನ್ನು ನಾಯಕತ್ವ. ಬಸ್ಸನ್ನೇ ನೋಡಿ. ಸ್ಟೇರಿಂಗ್ ಡ್ರೈವರ್ ಕೈಯಲ್ಲಿದೆ, ಅನುಭವವೂ ಅವರಿಗೇ ಜಾಸ್ತಿ ಇರಬಹುದು. ಆದರೆ ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ಒಬ್ಬರು ಅಜ್ಜಿ ಒಂದು ಕಾಲು ಇಟ್ಟಿದ್ದಾರೆ. ಅದು ಡ್ರೈವರ್‌ಗೆ ಸರಿಯಾಗಿ ಕಾಣುವುದಿಲ್ಲ, ಕಂಡಕ್ಟರ್‌ಗೆ ಕಾಣುತ್ತದೆ. ಆದ್ದರಿಂದ ಆ ಕ್ಷಣಕ್ಕೆ ಬಸ್ಸಿನ ಯಜಮಾನ ಕಂಡಕ್ಟರ್. ಅಜ್ಜಿ ಒಳಗೆ ಬಂದು ಕಂಬಿ ಹಿಡಿದ ಮೇಲೆ 'ರೈಟ್ ಪೋಯಿ' ಎಂದು ಕೂಗುತ್ತಾರೆ, ಯಜಮಾನಿಕೆ ಮತ್ತೆ ಮುಂದಿನ ಸೀಟಿಗೆ ಹೋಗುತ್ತದೆ. ಇಬ್ಬರೂ ಚರ್ಚೆ ಮಾಡಲಿಲ್ಲ, ಮತ ಹಾಕಲಿಲ್ಲ. ಯಾವಾಗ ಯಾರ ಮಾತು ನಡೆಯಬೇಕು ಎಂಬುದು ಮೊದಲೇ ಗೊತ್ತಿತ್ತು.

ಹಂಚಿಕೊಂಡ ನಾಯಕತ್ವ ಅಂದರೆ ಇದೇ. ಆ ಹೊತ್ತಿಗೆ ವಿಷಯ ಯಾರಿಗೆ ಸರಿಯಾಗಿ ಕಾಣುತ್ತದೋ ಅವರ ಮಾತು ನಡೆಯುವುದು. ಯೋಚನೆ ಹೊಸದಲ್ಲ. ಅಮೆರಿಕದ ಮೇರಿ ಪಾರ್ಕರ್ ಫೋಲೆಟ್ ಎಂಬ ಚಿಂತಕಿ 1920ರ ದಶಕದಲ್ಲೇ ಇದನ್ನು ಹೇಳಿದ್ದರು. ಇನ್ನೊಬ್ಬರ ಮೇಲೆ ನಡೆಸುವ ಅಧಿಕಾರ ಬೇರೆ, ಇನ್ನೊಬ್ಬರ ಜೊತೆ ಸೇರಿ ನಡೆಸುವ ಅಧಿಕಾರ ಬೇರೆ ಎಂದರು. ಏನು ಮಾಡಬೇಕು ಎಂಬುದನ್ನು ಕುರ್ಚಿಯಲ್ಲ, ಸಂದರ್ಭ ಹೇಳಬೇಕು ಎಂಬುದು ಅವರ ವಾದ.

ಭಾಗವತರು ಕಲಿಸುವ ಪಾಠ

ಕರಾವಳಿಯವರಿಗೆ ಇದನ್ನು ವಿವರಿಸಲು ಯಕ್ಷಗಾನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಒಂದು ಆಟ ಹೇಗೆ ನಡೆಯುತ್ತದೆ ನೋಡಿ. ಪ್ರಸಂಗದ ಪದ್ಯಗಳು ಬರೆದಿಟ್ಟದ್ದು. ಆದರೆ ವೇಷಧಾರಿಗಳು ಆಡುವ ಅರ್ಥ, ಅಂದರೆ ಮಾತು, ಬಾಯಿಪಾಠ ಮಾಡಿದ್ದಲ್ಲ. ಅಲ್ಲಲ್ಲೇ ಹುಟ್ಟುವಂಥದ್ದು. ಒಂದು ಮೇಳದವರು ಆಟ ಮುಗಿಸಿ, ಬಸ್ಸು ಹತ್ತಿ, ಮರುದಿನ ಬೇರೆ ಊರಿನಲ್ಲಿ ಬೇರೆ ಪ್ರಸಂಗ ಆಡುತ್ತಾರೆ. ನಾಟಕದವರ ಹಾಗೆ ತಿಂಗಳುಗಟ್ಟಲೆ ರಿಹರ್ಸಲ್ ಇಲ್ಲ. ಬೇರೆ ಮೇಳದ ಕಲಾವಿದರು ಅತಿಥಿಯಾಗಿ ಬಂದು, ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾ ನಾಲ್ಕು ಮಾತಾಡಿ, ನೇರ ರಂಗಸ್ಥಳಕ್ಕೆ ಹೋಗುವುದೂ ಉಂಟು. ಆದರೂ ಆಟ ಕೆಡುವುದಿಲ್ಲ. ಹೇಗೆ?

ಮೊದಲನೆಯದಾಗಿ, ಒಬ್ಬರು ಇಡೀ ಆಟವನ್ನು ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ. ಅವರು ಭಾಗವತರು. ಭಾಗವತರೇ ಒಂದನೇ ವೇಷ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಪದ್ಯ ಎತ್ತುವುದು, ಲಯ ಏರಿಸುವುದು ಇಳಿಸುವುದು, ಕಥೆಯನ್ನು ಮುಂದಕ್ಕೆ ತಳ್ಳುವುದು ಎಲ್ಲ ಅವರ ಕೆಲಸ. ಆದರೆ ಅವರು ಮುಮ್ಮೇಳದವರ, ಅಂದರೆ ವೇಷಧಾರಿಗಳ, ಮಾತನ್ನು ಬರೆದುಕೊಡುವುದಿಲ್ಲ. ಪದ್ಯ ಮುಗಿದು ಅರ್ಥ ಶುರುವಾದ ಕೂಡಲೇ ರಂಗ ವೇಷಧಾರಿಯದ್ದು. ಕೌರವ ಎಷ್ಟು ಗರ್ವ ತೋರಿಸಬೇಕು, ಕೃಷ್ಣ ಯಾವ ಮಾತಿನಿಂದ ಚುಚ್ಚಬೇಕು ಎಂದು ಭಾಗವತರು ಹೇಳಿಕೊಡಲು ಹೋಗುವುದಿಲ್ಲ.

ಧೀಂಗಿಣ, ಅಂದರೆ ಗಿರಗಿರನೆ ಸುತ್ತುವ ಕುಣಿತ, ಶುರುವಾದರೆ ಮತ್ತೆ ಬದಲು. ಆಗ ಚೆಂಡೆಯವರ ಕಣ್ಣು ಕುಣಿಯುವವರ ಕಾಲಿನ ಮೇಲೆ. ಇಪ್ಪತ್ತೋ ಮೂವತ್ತೋ ಸುತ್ತು ಎಂಬುದು ಆ ಹುಡುಗನ ಉಸಿರಿಗೆ ಬಿಟ್ಟದ್ದು. ಹಾಡು, ಚೆಂಡೆ, ಮದ್ದಳೆಯ ಹಿಮ್ಮೇಳ ಅವನನ್ನು ಹಿಂಬಾಲಿಸುತ್ತದೆ, ಕೆಲವೊಮ್ಮೆ ಹುರಿದುಂಬಿಸುತ್ತದೆ.

ಹಾಗಾದರೆ ಅರ್ಥಧಾರಿ ಮಾತಾಡುತ್ತಲೇ ಹೋದರೆ? ಅದಕ್ಕೂ ದಾರಿ ಉಂಟು. ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಅಲ್ಲಿಗೆ ಮಾತು ನಿಂತಿತು. ಯಾರೂ ಯಾರನ್ನೂ ಗದರಿಸಲಿಲ್ಲ, ಸಭೆಯ ಎದುರು ಯಾರ ಮರ್ಯಾದೆಯೂ ಹೋಗಲಿಲ್ಲ. ಈಗ ಕಾಲಮಿತಿಯ ಪ್ರಯೋಗಗಳು ಜಾಸ್ತಿ ಆದ ಮೇಲೆ ಈ ಹತ್ಯಾರಿನ ಬಳಕೆಯೂ ಜಾಸ್ತಿ ಆಗಿದೆ. ನಮ್ಮ ಆಫೀಸು ಮೀಟಿಂಗುಗಳಿಗೂ ಒಬ್ಬರು ಭಾಗವತರು ಇದ್ದಿದ್ದರೆ ಎಷ್ಟೋ ಜನ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದರು.

ಇದರಿಂದ ಗೊತ್ತಾಗುವುದು ಏನು? ನಾಯಕತ್ವ ಹಂಚಿಕೊಂಡ ಕಡೆ ನಿಯಮ ಕಡಿಮೆ ಇರುವುದಿಲ್ಲ. ಜಾಸ್ತಿಯೇ ಇರುತ್ತದೆ. ಕಥೆ ಏನು ಎಂಬುದು ಎಲ್ಲರಿಗೂ ಒಂದೇ ಥರ ಗೊತ್ತಿದೆ. ಯಾವ ಸನ್ನೆಗೆ ಏನು ಅರ್ಥ ಎಂಬುದು ಗೊತ್ತಿದೆ. ತನ್ನ ಸರದಿ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂಬುದೂ ಗೊತ್ತಿದೆ. ಕಚೇರಿಗಳಲ್ಲಿ 'ಇವತ್ತಿನಿಂದ ಎಲ್ಲರೂ ಲೀಡರ್' ಎಂದು ಘೋಷಿಸಿ ಎದ್ದು ಹೋಗುವವರು ಮರೆಯುವುದು ಇದನ್ನೇ. ಪ್ರಸಂಗವನ್ನೇ ಕೊಡದೆ ವೇಷ ಕಟ್ಟಿಸಿದ ಹಾಗೆ.

ಹಗ್ಗಕ್ಕೆ ಕೈ ಜಾಸ್ತಿ ಆದರೆ

ಟೀಮಿನಲ್ಲಿ ಎಷ್ಟು ಜನ ಇರಬೇಕು? ಜನ ಹೆಚ್ಚಿದಷ್ಟೂ ಬಲ ಹೆಚ್ಚು ಎಂದು ನಮಗೆ ಅನಿಸುತ್ತದೆ. ಮ್ಯಾಕ್ಸ್ ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದನ್ನು ಅಳೆದು ನೋಡಿದರು. ಜನರಿಂದ ಹಗ್ಗ ಎಳೆಸಿದರು. ಒಬ್ಬರೇ ಎಳೆದಾಗ ಹಾಕುವ ಬಲವನ್ನು ನೂರು ಎಂದು ಇಟ್ಟುಕೊಂಡರೆ, ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲು ಸುಮಾರು ಅರ್ಧಕ್ಕೆ ಇಳಿದಿತ್ತು.

ಒಂದು ಕಾರಣ, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು. ಹಗ್ಗ ಜಗ್ಗಾಟ ಆಡಿದವರಿಗೆ ಇದು ಗೊತ್ತು. ಇನ್ನೊಂದು ಕಾರಣ ಸ್ವಲ್ಪ ಮುಜುಗರದ್ದು. 1974ರಲ್ಲಿ ಅಮೆರಿಕದ ಸಂಶೋಧಕರು ಕಣ್ಣಿಗೆ ಬಟ್ಟೆ ಕಟ್ಟಿ ಒಬ್ಬರಿಂದ ಹಗ್ಗ ಎಳೆಸಿದರು. ಹಿಂದೆ ಇನ್ನೂ ಜನ ಎಳೆಯುತ್ತಿದ್ದಾರೆ ಎಂದು ನಂಬಿಸಿದ್ದರು. ನಿಜಕ್ಕೂ ಹಿಂದಿನವರು ಎಳೆಯುತ್ತಲೇ ಇರಲಿಲ್ಲ. ಆದರೂ ಮುಂದಿದ್ದವರು ಎಳೆಯುವ ಬಲ ಕಡಿಮೆಯಾಯಿತು. ಬೇರೆಯವರು ಇದ್ದಾರಲ್ಲ ಎಂಬ ನಂಬಿಕೆಯೇ ಕೈಯನ್ನು ಸಡಿಲ ಮಾಡಿತು.

ನನಗೂ ಇದು ಆಗಿದೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ವಾಹನಗಳ ವಿಮೆಯ ತಾರೀಕು ಮುಗಿಯುತ್ತ ಬಂದಿತ್ತು. ಹನ್ನೊಂದು ಜನರಿಗೆ ಒಂದೇ ಮೇಲ್ ಬಂತು, 'ದಯವಿಟ್ಟು ಎಲ್ಲರೂ ಗಮನಿಸಿ'. ಹನ್ನೊಂದು ಜನರೂ ಗಮನಿಸಿದೆವು. ವಿಮೆ ಕಟ್ಟಿದವರು ಯಾರೂ ಇಲ್ಲ. ಆಮೇಲೆ ಗೊತ್ತಾದಾಗ ಎಲ್ಲರ ಬಾಯಲ್ಲೂ ಒಂದೇ ಮಾತು, "ನೀವು ಕಟ್ಟಿದ್ದೀರಿ ಅಂದುಕೊಂಡೆ."

ಜನ ಹೆಚ್ಚಾದರೆ ಇನ್ನೊಂದು ಖರ್ಚೂ ಉಂಟು, ಮಾತಿನ ಖರ್ಚು. ಐದು ಜನರ ಟೀಮಿನಲ್ಲಿ ಇಬ್ಬರಿಬ್ಬರ ನಡುವಿನ ಕೊಂಡಿಗಳು 10. ಎಂಟು ಜನ ಆದರೆ 28. ಹದಿನೈದು ಆದರೆ 105. ಜನ ಮೂರು ಪಟ್ಟು ಆದರೆ ಮಾತು ಹತ್ತು ಪಟ್ಟು. ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಎದ್ದಾಗ 140 ಮೆಸೇಜ್ ಯಾಕೆ ಇರುತ್ತವೆ ಎಂದು ಈಗ ತಿಳಿಯಿತಲ್ಲ. ತೀರ್ಮಾನ ಮಾಡಬೇಕಾದ ಟೀಮು ಐದರಿಂದ ಎಂಟು ಜನರ ಆಸುಪಾಸಿನಲ್ಲಿದ್ದರೆ ಒಳ್ಳೆಯದು ಎನ್ನುವುದು ಇದಕ್ಕೇ.

ಹಾಗೆಂದು ದೊಡ್ಡ ತಂಡಕ್ಕೆ ಕೆಲಸವೇ ಇಲ್ಲ ಎಂದಲ್ಲ. ಯಂತ್ರದ ಪರ್ಸೀನ್ ಬೋಟುಗಳು ಬರುವ ಮೊದಲು ನಮ್ಮ ಕಡಲ ತೀರದಲ್ಲಿ ರಂಪಣಿ ಬಲೆ ಇತ್ತು. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಎರಡೂ ತುದಿಯನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ಅಲ್ಲಿ ಜನ ಬೇಕೇ ಬೇಕು. ಆದರೆ ಆ ಎಳೆಯುವವರು ಕೂತು ತೀರ್ಮಾನ ಮಾಡಬೇಕಾಗಿರಲಿಲ್ಲ. ಮೀನು ಎಲ್ಲಿದೆ, ಬಲೆ ಯಾವಾಗ ಬಿಡಬೇಕು ಎಂದು ನೋಡುವ ಕಣ್ಣು ಬೇರೆ ಇತ್ತು. ಎಳೆಯುವ ಕೆಲಸಕ್ಕೆ ಕೈ ಎಷ್ಟಿದ್ದರೂ ಆದೀತು, ಯೋಚಿಸುವ ಕೆಲಸಕ್ಕೆ ಆಗುವುದಿಲ್ಲ.

ಬಾಯಿ ಬಿಟ್ಟರೆ ಬೈಗುಳ ಬಾರದಿರಲಿ

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಲೆಕ್ಕ ತೆಗೆದರು. ಒಳ್ಳೆಯ ಟೀಮಿನಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಅವರು ಅಂದುಕೊಂಡಿದ್ದರು. ಸಿಕ್ಕಿದ್ದು ತಿರುಗಾಮುರುಗಾ. ಚೆನ್ನಾಗಿ ಹೊಂದಿಕೊಂಡಿದ್ದ ಟೀಮುಗಳಲ್ಲೇ ದಾಖಲಾದ ತಪ್ಪು ಜಾಸ್ತಿ ಇತ್ತು!

ಇದೇನಿದು ಎಂದು ಕೆದಕಿದಾಗ ಸಂಗತಿ ತಿಳಿಯಿತು. ಒಳ್ಳೆಯ ಟೀಮುಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ. ಆದ ತಪ್ಪನ್ನು ಹೇಳಿಕೊಳ್ಳುತ್ತಿದ್ದವು. ಬೇರೆ ಕಡೆ ನರ್ಸುಗಳು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಿದ್ದರು. ಹೇಳಿಕೊಂಡ ತಪ್ಪನ್ನು ತಿದ್ದಬಹುದು, ಮುಚ್ಚಿಟ್ಟದ್ದನ್ನು ಏನು ಮಾಡುವುದು? 1999ರಲ್ಲಿ ಎಡ್ಮಂಡ್‌ಸನ್ ಪ್ರಕಟಿಸಿದ ಪ್ರಬಂಧದ ನಂತರ 'ಸೈಕಲಾಜಿಕಲ್ ಸೇಫ್ಟಿ' ಎಂಬ ಮಾತು ಜನಪ್ರಿಯವಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, 'ನನಗೆ ಗೊತ್ತಿಲ್ಲ', 'ನಾನು ತಪ್ಪು ಮಾಡಿದೆ', 'ಇದು ಸರಿ ಕಾಣುವುದಿಲ್ಲ' ಎಂಬ ಮೂರು ಮಾತನ್ನು ಹೆದರಿಕೆ ಇಲ್ಲದೆ ಹೇಳಲು ಆಗುವುದು.

ಮುಂದೆ ಗೂಗಲ್ ಕಂಪನಿ ತನ್ನದೇ ಸುಮಾರು 180 ಟೀಮುಗಳನ್ನು ಅಧ್ಯಯನ ಮಾಡಿತು. ಬುದ್ಧಿವಂತರನ್ನೆಲ್ಲ ಒಂದು ಕಡೆ ಕೂರಿಸಿದರೆ ಒಳ್ಳೆಯ ಟೀಮು ಆಗುತ್ತದೆಯೇ ಎಂಬುದು ಪ್ರಶ್ನೆ. ಯಾರು ಇದ್ದಾರೆ ಎಂಬುದಕ್ಕಿಂತ, ಇರುವವರು ಹೇಗೆ ಜೊತೆಗೂಡಿ ನಡೆದುಕೊಳ್ಳುತ್ತಾರೆ ಎಂಬುದೇ ಮುಖ್ಯ ಎಂಬ ಉತ್ತರ ಬಂತು. ಕಾರಣಗಳ ಪಟ್ಟಿಯಲ್ಲಿ ಮೊದಲು ನಿಂತದ್ದು ಇದೇ ಹೆದರಿಕೆ ಇಲ್ಲದ ವಾತಾವರಣ.

ನಮ್ಮ ಕಡೆ ಇದು ಸ್ವಲ್ಪ ಕಷ್ಟವೇ. ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಕಚೇರಿಯಲ್ಲೂ ಸರ್, ಮೇಡಂ ಹೇಳಿದ ಮೇಲೆ ಮುಗಿಯಿತು. ಆದರೆ ಹೆದರಿಕೆ ಇಲ್ಲದಿರುವುದು ಎಂದರೆ ಮರ್ಯಾದೆ ಇಲ್ಲದಿರುವುದಲ್ಲ. "ಸರ್, ಈ ಲೆಕ್ಕ ಒಮ್ಮೆ ನೋಡುವ, ನನಗೆ ಬೇರೆ ಬರ್ತಾ ಉಂಟು" ಎಂದರೆ ಯಾರ ಮರ್ಯಾದೆಯೂ ಕಡಿಮೆ ಆಗುವುದಿಲ್ಲ.

ಆಪರೇಶನ್ ಥಿಯೇಟರಿನದ್ದು ಇದಕ್ಕೆ ಒಳ್ಳೆಯ ಉದಾಹರಣೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಒಂದು ಪಟ್ಟಿ ತಂದಿತು. ಅದರಲ್ಲಿ ಒಂದು ಅಂಶ ತೀರಾ ಸಣ್ಣದು. ಕತ್ತರಿ ಹಾಕುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ಒಮ್ಮೆ ಬಾಯಿ ಬಿಟ್ಟವರು ಎರಡನೇ ಸಲ ಬಾಯಿ ಬಿಡುವುದು ಸುಲಭ, ಅದಕ್ಕೇ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇಡೀ ಪಟ್ಟಿಯನ್ನು ಬಳಸಿ ನೋಡಿದರು. ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಹೆಸರು ಹೇಳಿದ್ದರಿಂದಲೇ ಇಷ್ಟು ಆಯಿತು ಎನ್ನಲು ಬರುವುದಿಲ್ಲ, ಉಳಿದ ಅಂಶಗಳೂ ಇದ್ದವು.

ಮೂರು ಸಲ ಹೇಳಿದರೂ

2010ರ ಮೇ 22. ಮಂಗಳೂರಿನವರಿಗೆ ಆ ತಾರೀಕನ್ನು ನೆನಪಿಸಬೇಕಾಗಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ಇಳಿಯಿತು, ನಿಲ್ಲಲಿಲ್ಲ, ಕೊನೆ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಜನ ತೀರಿಕೊಂಡರು.

ಆ ದುರಂತದ ತನಿಖಾ ವರದಿಯನ್ನು ಟೀಮ್ ವರ್ಕಿನ ಬಗ್ಗೆ ಮಾತಾಡುವ ಪ್ರತಿಯೊಬ್ಬರೂ ಓದಬೇಕು. ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಸಹಪೈಲಟ್‌ಗೆ ಅದು ಗೊತ್ತಾಗಿತ್ತು. ಇಳಿಸುವುದು ಬಿಟ್ಟು ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರೋಣ ಎಂಬರ್ಥದ 'ಗೋ ಅರೌಂಡ್' ಸೂಚನೆಯನ್ನು ಅವರು ಮೂರು ಸಲ ಕೊಟ್ಟಿದ್ದರು. ವಿಮಾನದ ಯಂತ್ರವೂ ಎಚ್ಚರಿಕೆ ಕೂಗುತ್ತಿತ್ತು. ಕ್ಯಾಪ್ಟನ್ ಇಳಿಸುವುದನ್ನು ಮುಂದುವರಿಸಿದರು. ಹಾರಾಟದ ನಡುವೆ ಅವರು ಬಹಳ ಹೊತ್ತು ನಿದ್ದೆ ಮಾಡಿದ್ದರು, ಆ ನಿದ್ದೆಯ ಮಂಪರು ತೀರ್ಮಾನದ ಮೇಲೆ ಪರಿಣಾಮ ಬೀರಿರಬಹುದು ಎಂದೂ ತನಿಖೆ ಹೇಳಿತು.

ವರದಿಯಲ್ಲಿ ಇನ್ನೊಂದು ಮಾತು ಇದೆ. ಅದರ ಬಗ್ಗೆ ಜನ ಮಾತಾಡುವುದು ಕಡಿಮೆ. ಸಹಪೈಲಟ್ ಪದೇ ಪದೇ ಹೇಳಿದರೂ ಕಂಟ್ರೋಲನ್ನು ತಾವೇ ಕೈಗೆ ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಳ್ಳಲು ಸಹಪೈಲಟ್‌ಗೆ ಇರುವ ಅಧಿಕಾರದ ಬಗ್ಗೆ ಸೂಚನೆಗಳು ಸ್ಪಷ್ಟ ಇರಲಿಲ್ಲ, ಬಹುಶಃ ಅದೇ ಕಾರಣ ಎಂದು ತನಿಖೆ ಗುರುತಿಸಿತು.

ಇಲ್ಲಿ ನಿಂತು ನೋಡಬೇಕು. ಬಾಯಿ ಬಿಡುವ ಧೈರ್ಯ ಇತ್ತು. ವಿಷಯ ಸರಿಯಾಗಿಯೇ ಕಂಡಿತ್ತು. ಆದರೂ ಸಾಲಲಿಲ್ಲ. ಹೇಳಿದ್ದು ನಡೆಯದಿದ್ದರೆ ಮುಂದೇನು ಎಂಬುದು ಮೊದಲೇ ಖಚಿತವಾಗಿ ಗೊತ್ತಿರಬೇಕಿತ್ತು.

ವಿಮಾನದವರು ಈ ಪಾಠವನ್ನು ಮೊದಲ ಸಲ ಕಲಿತದ್ದಲ್ಲ. 1977ರಲ್ಲಿ ಸ್ಪೇನಿನ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲೂ ಎದುರಿನ ವಿಮಾನ ಇನ್ನೂ ರನ್‌ವೇಯಲ್ಲಿದೆಯೋ ಏನೋ ಎಂದು ಫ್ಲೈಟ್ ಎಂಜಿನಿಯರ್ ಅನುಮಾನ ಪಟ್ಟಿದ್ದರು, ಹಿರಿಯ ಕ್ಯಾಪ್ಟನ್ ತಳ್ಳಿಹಾಕಿದ್ದರು. 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಅಲ್ಲಿಂದ ಮುಂದೆ ವಿಮಾನ ಹಾರಿಸುವವರಿಗೆ ಯಂತ್ರದ ತರಬೇತಿಯ ಜೊತೆಗೆ ಪರಸ್ಪರ ಮಾತಾಡುವ ತರಬೇತಿಯೂ ಶುರುವಾಯಿತು. ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂದು ಅದರ ಹೆಸರು. ಕಿರಿಯರಿಗೆ ಹೇಳಲು ಕಲಿಸುತ್ತಾರೆ, ಹಿರಿಯರಿಗೆ ಕೇಳಲು ಕಲಿಸುತ್ತಾರೆ. ಎರಡನೆಯದೇ ಕಷ್ಟ ಎಂದು ನನ್ನ ಅನಿಸಿಕೆ.

ಅದರಿಂದ ಬಂದ ಒಂದು ನಿಯಮ ಈಗ ಆಸ್ಪತ್ರೆಗಳಲ್ಲೂ ಇದೆ. ಅಪಾಯ ಕಂಡರೆ ಎರಡು ಸಲ ಸ್ಪಷ್ಟವಾಗಿ ಹೇಳು. ಎರಡು ಸಲವೂ ಸರಿಯಾದ ಉತ್ತರ ಬಾರದಿದ್ದರೆ ಮುಂದಿನ ಹೆಜ್ಜೆ ನಿನ್ನದು, ಕೆಲಸ ನಿಲ್ಲಿಸು ಅಥವಾ ಇನ್ನೂ ಮೇಲಿನವರನ್ನು ಕರೆ. ಬಿಡದಿಯಲ್ಲೂ ಕಾರ್ಖಾನೆ ಇರುವ ಟೊಯೊಟಾ ಕಂಪನಿಯ ಹಗ್ಗವೂ ಇದೇ ಜಾತಿಯದ್ದು. ಕಾರು ಜೋಡಿಸುವ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ತೊಂದರೆ ಕಂಡರೆ ಹಗ್ಗ ಎಳೆಯಬಹುದು. ಟೀಮ್ ಲೀಡರ್ ಓಡಿ ಬರುತ್ತಾರೆ. ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಎಳೆದವನಿಗೆ ಬೈಯುವ ಹಾಗಿಲ್ಲ.

ಪಟ್ಟಿ ಬರೆಯುವುದು

ಅಕ್ಕನ ಮಗಳಿಗೆ ನಾನು ಕೊಟ್ಟ ಸಲಹೆ ಇಷ್ಟೇ. ಒಂದು ಹಾಳೆ ತೆಗೆದುಕೊ. ನಿಮ್ಮ ಟೀಮಿನಲ್ಲಿ ವಾರಕ್ಕೆ ಒಮ್ಮೆಯಾದರೂ ಬರುವ ತೀರ್ಮಾನಗಳನ್ನು ಒಂದರ ಕೆಳಗೆ ಒಂದು ಬರೆ. ಪ್ರತಿಯೊಂದರ ಎದುರು ಒಂದು ಹೆಸರು. 'ಎಲ್ಲರೂ' ಎಂದು ಬರೆಯಬೇಡ, ಆ ವಿಮೆಯ ಕಥೆ ನೆನಪಿರಲಿ. ಹೆಸರು ಇರುವವರು ಯಾರನ್ನು ಕೇಳಿ ತೀರ್ಮಾನಿಸಬೇಕು, ಯಾರಿಗೆ ಬರೀ ತಿಳಿಸಿದರೆ ಸಾಕು ಎಂಬುದನ್ನೂ ಬರೆ. ಕೇಳುವುದು ಮತ್ತು ತಿಳಿಸುವುದು ಬೇರೆ ಬೇರೆ. ಕಚೇರಿಯ ಅರ್ಧ ಜಗಳ ಈ ಎರಡರ ಗೊಂದಲದಿಂದ ಬರುತ್ತದೆ. ಮದುವೆ ಮನೆಯಲ್ಲೂ ಹಾಗೇ ಅಲ್ವಾ? ದೊಡ್ಡ ಮಾವನಿಗೆ ಬರೀ ತಿಳಿಸಿದರೆ ಕೋಪ, ಅವರನ್ನು ಕೇಳಬೇಕಿತ್ತು.

ಹಿಂದಕ್ಕೆ ತಿರುಗಿಸಲು ಬರುವ ತೀರ್ಮಾನಕ್ಕೆ ಹೆಚ್ಚು ಜನ ಬೇಡ. ಒಬ್ಬರು ಮಾಡಲಿ, ತಪ್ಪಾದರೆ ನಾಳೆ ಬದಲಿಸಲಿ. ತಿರುಗಿಸಲು ಬಾರದ್ದಕ್ಕೆ ಮಾತ್ರ ಎಲ್ಲರೂ ಕೂರಲಿ. ಗಿರಾಕಿಯ ಡೇಟಾ ಅಳಿಸುವುದು, ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಹೊರಗಿನವರಿಗೆ ತಾರೀಕು ಕೊಡುವುದು ಈ ಜಾತಿಗೆ ಸೇರಿದವು.

ಪಟ್ಟಿ ಯಾಕೆ ಅಷ್ಟು ಮುಖ್ಯ? 1970ರ ದಶಕದ ಆರಂಭದಲ್ಲಿ ಜೋ ಫ್ರೀಮನ್ ಎಂಬ ಅಮೆರಿಕದ ಮಹಿಳಾ ಹೋರಾಟಗಾರ್ತಿ ತಮ್ಮದೇ ಚಳವಳಿಯನ್ನು ನೋಡಿ ಒಂದು ವಿಷಯ ಗುರುತಿಸಿದರು. ನಮಗೆ ನಾಯಕರಿಲ್ಲ ಎಂದು ಹೇಳುವ ಗುಂಪಿನಲ್ಲೂ ನಾಯಕರು ಇದ್ದೇ ಇರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಕಾಣದ ನಾಯಕರನ್ನು ಪ್ರಶ್ನೆ ಕೇಳಲೂ ಆಗುವುದಿಲ್ಲ. ಕಚೇರಿಯಲ್ಲಿ ಆಗುವುದೂ ಇದೇ. ಜೋರು ಗಂಟಲಿನವರು, ಬಾಸ್ ಜೊತೆ ಸಂಜೆ ಷಟಲ್ ಆಡುವವರು ತಾವಾಗಿಯೇ ಲೀಡರ್ ಆಗುತ್ತಾರೆ. ಮೀಟಿಂಗಿನ ಟಿಪ್ಪಣಿ ಬರೆಯುವುದು, ಹುಟ್ಟುಹಬ್ಬದ ಕೇಕು ತರುವುದು ಮಾತ್ರ ಹೆಣ್ಣುಮಕ್ಕಳ ಪಾಲಿಗೆ ಬಂದು ಬೀಳುತ್ತದೆ. ಈ ಕೆಲಸಗಳನ್ನೂ ಪಟ್ಟಿಯಲ್ಲಿ ಸೇರಿಸು ಎಂದು ಹೇಳಿದೆ.

ಸಟ್ಟುಗ ಕೈ ಬದಲಾಗುವಾಗ

ಉಡುಪಿಯ ಪರ್ಯಾಯವನ್ನು ಕೆಲವರು ಹಂಚಿಕೊಂಡ ನಾಯಕತ್ವ ಎನ್ನುತ್ತಾರೆ. ಸ್ವಲ್ಪ ವ್ಯತ್ಯಾಸ ಉಂಟು. ಕೃಷ್ಣಮಠದ ಪೂಜೆ ಮತ್ತು ಆಡಳಿತ ಎಂಟು ಮಠಗಳಲ್ಲಿ ಸರದಿಯಂತೆ ನಡೆಯುತ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು 16ನೇ ಶತಮಾನದಲ್ಲಿ ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಹಾಗಾಗಿ ಒಂದು ಮಠಕ್ಕೆ ಸರದಿ ಮತ್ತೆ ಬರುವುದು 16 ವರ್ಷಕ್ಕೆ. ಆ ಎರಡು ವರ್ಷ ಹೊಣೆ ಒಂದೇ ಮಠದ್ದು. ಇದು ಸರದಿ ನಾಯಕತ್ವ. ಬಸ್ಸಿನಲ್ಲಿ ಕಂಡ ಹಾಗೆ ಕ್ಷಣಕ್ಷಣಕ್ಕೂ ಕೈ ಬದಲಾಗುವುದಲ್ಲ.

ಆದರೆ ಹಸ್ತಾಂತರ ಹೇಗೆ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಹತ್ತಿರದಲ್ಲಿ ಇಲ್ಲ. ಜನವರಿ 18ರ ಬೆಳಗಿನ ಜಾವಕ್ಕೆ ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ ಆಗುತ್ತದೆ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತ. ದಿನವೂ ಸಾವಿರಾರು ಜನರಿಗೆ ಊಟ ಹಾಕಬೇಕಾದವರು ಎಲೆ, ಅಕ್ಕಿ, ಸೌದೆಯ ಲೆಕ್ಕವನ್ನು ಅಷ್ಟು ಮುಂಚೆಯೇ ಶುರುಮಾಡುತ್ತಾರೆ. ಕೊನೆಗೆ ಅಕ್ಷಯ ಪಾತ್ರೆ ಮತ್ತು ಸಟ್ಟುಗ ಎಲ್ಲರ ಎದುರು ಕೈಯಿಂದ ಕೈಗೆ ಬರುತ್ತದೆ. ಆ ಕ್ಷಣದಿಂದ ಯಾರನ್ನು ಕೇಳಬೇಕು ಎಂಬ ಅನುಮಾನ ಯಾರಿಗೂ ಇಲ್ಲ.

ಕಚೇರಿಯಲ್ಲಿ? ಶುಕ್ರವಾರ ಸಂಜೆ ಐದೂವರೆಗೆ "ಸೋಮವಾರದಿಂದ ಇದು ನೀವು ನೋಡಿಕೊಳ್ಳಿ" ಎಂದು ಒಂದು ಪಾಸ್‌ವರ್ಡ್ ಕಳಿಸುತ್ತಾರೆ.

ಎಲ್ಲಿ ಹೊಂದುವುದಿಲ್ಲ

ಎಲ್ಲ ಕಡೆ ಇದನ್ನು ತರಲು ಹೋಗಬಾರದು. ಟೀಮಿನಲ್ಲಿ ಎಲ್ಲರೂ ಹೊಸಬರಾದರೆ ಕಲಿಸುವವರು ಒಬ್ಬರು ಬೇಕು. ದಿನವೂ ಒಂದೇ ಥರ ನಡೆಯುವ, ಅಳತೆ ಗೊತ್ತಿರುವ ಕೆಲಸಕ್ಕೆ ಇದರ ಅಗತ್ಯ ಕಡಿಮೆ. ಬೆಂಕಿ ಬಿದ್ದಾಗ ಯಾರು ಬೇಕಾದರೂ ಕೂಗಬಹುದು, ಆದರೆ ಹೊರಗೆ ಕರೆದುಕೊಂಡು ಹೋಗುವ ದಾರಿಯನ್ನು ಒಬ್ಬರೇ ಹೇಳಬೇಕು. ಸಹಿ ಹಾಕಿದವರೇ ಕಾನೂನಿಗೆ ಉತ್ತರ ಹೇಳಬೇಕಾದ ಕೆಲಸದಲ್ಲಿ ಕೊನೆಯ ಮಾತು ಅವರದೇ.

ಇನ್ನೊಂದು ಸಂಗತಿಯನ್ನು ನೌಕರರು ಕೇಳಲು ನಾಚಬಾರದು. ಮ್ಯಾನೇಜರ್ ಹುದ್ದೆ ತೆಗೆದು ಆ ಕೆಲಸವನ್ನು ಏಳು ಜನರಿಗೆ ಹಂಚಿದರೆ, ಅದಕ್ಕೆ ಸಮಯ ಎಲ್ಲಿಂದ ಬರುತ್ತದೆ? ದಿನಕ್ಕೆ ಒಂದು ಗಂಟೆ ಮ್ಯಾನೇಜರ್ ಕೆಲಸ ಮಾಡುವವರ ಮೂಲ ಕೆಲಸ ಒಂದು ಗಂಟೆ ಕಡಿಮೆ ಆಗಿದೆಯೇ? ತೀರ್ಮಾನ ನಮ್ಮದು, ತಪ್ಪಾದರೆ ಬೈಗುಳವೂ ನಮ್ಮದು, ಆದರೆ ಖರ್ಚು ಮಾಡುವ ಅಧಿಕಾರ ಮಾತ್ರ ಮೇಲಿದೆ ಎಂದರೆ ಅಲ್ಲಿ ಹಂಚಿದ್ದು ನಾಯಕತ್ವವಲ್ಲ, ಬರೀ ಹೊರೆ.

ಮೊನ್ನೆ ಅವಳು ಮತ್ತೆ ಫೋನ್ ಮಾಡಿದಳು. ಏಳು ಜನ ಕೂತು ಪಟ್ಟಿ ಮಾಡಿದ್ದಾರೆ. ಇಪ್ಪತ್ತಮೂರು ಸಾಲು ಆಯಿತಂತೆ. ರಜೆಗೆ ಯಾರನ್ನೂ ಕೇಳಬೇಕಾಗಿಲ್ಲ, ಕ್ಯಾಲೆಂಡರಿನಲ್ಲಿ ಹಾಕಿದರೆ ಸಾಕು, ಒಂದೇ ದಿನ ಇಬ್ಬರಿಗಿಂತ ಜಾಸ್ತಿ ಇಲ್ಲ. ಕೃಷ್ಣ ಜನ್ಮಾಷ್ಟಮಿಯ ವಿಟ್ಲಪಿಂಡಿಗೆ ಉಡುಪಿಗೆ ಬರಲು ಅವಳು ಆಗಲೇ ಹೆಸರು ಹಾಕಿ ಇಟ್ಟಿದ್ದಾಳೆ. ರಾತ್ರಿ ಸರ್ವರ್ ನಿಂತರೆ ಯಾರು ಏಳಬೇಕು, ಗಿರಾಕಿಯ ಫೋನ್ ಯಾರು ತೆಗೆಯಬೇಕು ಎಲ್ಲದಕ್ಕೂ ಹೆಸರು ಇದೆ. ಕೇಕಿನ ಸಾಲಿಗೆ ಈ ತಿಂಗಳು ಒಬ್ಬ ಹುಡುಗನ ಹೆಸರು.

"ಎಲ್ಲ ತುಂಬಿತಾ?" ಎಂದು ಕೇಳಿದೆ.

"ಒಂದು ಬಿಟ್ಟು, ಮಾವ. ಸಂಬಳ ಎಷ್ಟು ಏರಬೇಕು ಎಂದು ಯಾರು ತೀರ್ಮಾನ ಮಾಡುವುದು ಎಂಬ ಸಾಲು. ಬರೆದಿದ್ದೇವೆ. ಎದುರು ಖಾಲಿ ಉಂಟು."